ಹಾವಿಲ್ಲದ ಹುತ್ತ

ಶಹಾಪುರದಿಂದ ಗೋಗಿಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಎಡಕ್ಕೆ ಹೊರಳಿದರೆ ಸಿಗುವ ಹಳ್ಳಿಯಲ್ಲಿ, ಗೊಲ್ಲಾಳಮ್ಮನ ಮಗ ದೇವರಾಗಿದ್ದ. ಅವನು ತಾನಾಗಿ ಆದದ್ದಲ್ಲ, ಅವನ ದೊಡ್ಡಪ್ಪ ನಾಗಣ್ಣ ಮಾಡಿದ್ದು. ಮಾಡಿದವನಿಗೆ ಮೊದಮೊದಲು ಅದು ಸುಳ್ಳು ಎಂಬುದು ನೆನಪಿತ್ತು. ಬರಬರುತ್ತ ಅವನೂ ದೂರದಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿಯತೊಡಗಿದ. ಸುಳ್ಳಿಗೊಂದು ಗಂಟೆ ಕಟ್ಟಿ ಹಾಲೆರೆಯುತ್ತ ಹೋದರೆ ಹೇಳಿದವನ ಕಣ್ಣಿಗೂ ಅದು ದೇವರಂತೆಯೇ ಕಾಣುತ್ತದೆ.

ಹುಡುಗನ ಹೆಸರು ಸಂಗಮನಾಥ. ಶಹಾಪುರದಲ್ಲಿ ಪಿಯುಸಿ ಓದುತ್ತಿದ್ದ. ಒಂದು ಮಧ್ಯಾಹ್ನ ತೊಗರಿ ಹೊಲಕ್ಕೆ ಹೋದವನು ಸಂಜೆ ಹೆಣವಾಗಿ ಮನೆಗೆ ಬಂದ. ಆ ಸೀಮೆಯಲ್ಲಿ ಹಾವನ್ನು ಹಾವು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಎನ್ನುತ್ತಾರೆ. ಅಂಗಳದಲ್ಲಿ ನೆರೆದವರ ಮುಂದೆ ನಾಗಣ್ಣ ರುಮಾಲು ತೆಗೆದು, "ಹುಳ ಮುಟ್ಟ್ಯದ" ಎಂದ. ಊರು ತಲೆ ತಗ್ಗಿಸಿತು. ಹುಳ ಮುಟ್ಟಿದ ಮನೆಯಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಆ ಸಂಜೆಯೇ ಒಳಮನೆಯಲ್ಲಿ ಅವನು ಗೊಲ್ಲಾಳಮ್ಮನ ಕಿವಿಯಲ್ಲಿ ನಿಜ ಹೇಳಿದ್ದ. "ಪೋರ ತಾನ ಜೀವ ಕಳಕೊಂಡಾನ. ನಾ ನೋಡೋದ್ರಾಗ ಮುಗದಿತ್ತು. ದವಾಖಾನಿಗೆ ಕಾಗದಪತ್ರಕ್ಕಷ್ಟ ಒಯ್ದಿದ್ದೆ. ಇನ್ನ ನೀ ಬಾಯಿ ಬಿಡಬ್ಯಾಡ, ಮನಿತನದ ಮರ್ಯಾದಿ ಅದ." ಗಂಡ ವಿಶ್ವರಾಧ್ಯ ಹೋದ ಮೇಲೆ ಎರಡೂ ಮನೆಗೆ ಭಾವನೇ ಹಿರಿಯ. ಅವನ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಕೂತಳು.

ಹುಳ ಮುಟ್ಟಿ ಸತ್ತವನಿಗೆ ನಾಗರಕಲ್ಲು ನಿಲ್ಲಿಸಬೇಕಲ್ಲ, ಹೊಲದ ಬದುವಿನ ಹುತ್ತದ ಪಕ್ಕ ನಿಲ್ಲಿಸಿದರು. ಮರುವರ್ಷ ಯಾರದೋ ಬತ್ತಿದ ಎಮ್ಮೆ ಹಾಲು ಕೊಟ್ಟಿತು. ಇನ್ಯಾರದೋ ಮಗುವಿನ ಚರ್ಮರೋಗ ವಾಸಿಯಾಯಿತು. ಸಂಗಮನಾಥ ಸಂಗಪ್ಪನಾದ. ಕಲ್ಲಿಗೆ ಕಟ್ಟೆ ಬಂತು, ಕಟ್ಟೆಗೆ ಟೈಲ್ಸ್ ಬಂತು, ಮೇಲೆ ತಗಡಿನ ಚಾವಣಿ ಬಂತು. "ಪುಣ್ಯವಂತಿ, ದೇವರನ್ನ ಹಡದೀದಿ" ಎಂದು ಹೆಂಗಸರು ಗೊಲ್ಲಾಳಮ್ಮನ ಕಾಲು ಮುಟ್ಟಿ ಹೋಗುವಾಗ ಅವಳಿಗೆ ಆ ಕಾಲನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯುತ್ತಿರಲಿಲ್ಲ.

ದೇವರಾದವನು ಕಟ್ಟೆಯಲ್ಲಿ ಇರಬೇಕಿತ್ತು. ಆದರೆ ಅವನು ಮನೆಯಲ್ಲೇ ಇದ್ದ. ರಜೆಯ ದಿನ, ಊರೆಲ್ಲ ಬಿಸಿಲಿಗೆ ಹೆದರಿ ಬಾಗಿಲು ಮುಂದೆ ಮಾಡಿಕೊಂಡ ಹೊತ್ತಿನಲ್ಲಿ, ನಡುಮನೆಯ ಹೊರಸು ಕಿರ್ ಎನ್ನುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದದ್ದು ಆ ಹೊರಸಿನ ಮೇಲೆ. ನಾಯಿಗಳೂ ಚರಂಡಿಗೆ ಇಳಿಯುವಂಥ ಯಾದಗಿರಿಯ ಬಿಸಿಲಲ್ಲಿ ಮುಖದ ತುಂಬ ಚಾದರ ಎಳೆದುಕೊಂಡಿರುತ್ತಿದ್ದ. ಉಣ್ಣು ಅಂದರೆ ಹಸಿವಿಲ್ಲ. ಕಾಲೇಜಿಗೆ ಹೋಗು ಅಂದರೆ ನಾಳೆ. ತಾಯಿತ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ಇಳಿಸಿದ್ದಾಯಿತು. ಒಂದು ದಿನ ತಾಳ್ಮೆ ಕೆಟ್ಟು ಅವಳು, "ಏಳೋ, ಹೆಣ ಬಿದ್ದಂಗ ಬಿದ್ದೀದಿ!" ಎಂದು ಚಾದರ ಕಿತ್ತೆಸೆದಿದ್ದಳು. ಆ ಮಾತನ್ನು ಆಮೇಲೆ ಎಷ್ಟು ಸಲ ನುಂಗಲು ನೋಡಿದರೂ ಅದು ಗಂಟಲಲ್ಲೇ ನಿಲ್ಲುತ್ತಿತ್ತು. ಹೊರಸನ್ನು ಕುರಿಯವರಿಗೆ ಕೊಟ್ಟುಬಿಟ್ಟಳು. ಹೊರಸಿಲ್ಲದ ನಡುಮನೆಯಲ್ಲೂ ಹೊರಸಿನ ಸದ್ದು ಕೇಳುತ್ತಿತ್ತು.

ಊರ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡಿಗೆ ಗೊಲ್ಲಾಳಮ್ಮನದು. ಅಲ್ಲಿ ಗದ್ದಲವಿರುತ್ತಿತ್ತು, ಹಾಗಾಗಿ ಅವಳಿಗೆ ಅಲ್ಲಿ ಉಸಿರಾಡಲು ಬರುತ್ತಿತ್ತು. ಆ ವರ್ಷ ಶಾಲೆ ತೆರೆದು ಸ್ವಲ್ಪ ದಿನಕ್ಕೆ ಶಹಾಪುರದ ದವಾಖಾನೆಯಿಂದ ಉಮಾ ಎಂಬ ಹುಡುಗಿ ಬಂದಳು. ಸುರಪುರದವಳು, ಹರೆಯದ ಮಕ್ಕಳಿಗೆ ಬುದ್ಧಿಮಾತು ಹೇಳುವ ಕೆಲಸ. ಬುದ್ಧಿಮಾತೆಂದರೆ ಮಕ್ಕಳು ಆಕಳಿಸುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದರಿಂದ ಚೀಲದಲ್ಲಿ ಪ್ರೊಜೆಕ್ಟರ್ ತಂದಿದ್ದಳು. ಊಟದ ಹಾಲ್‌ನ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ, ಗೋಡೆಗೆ ಬಿಳಿ ಬೆಡ್‌ಶೀಟ್ ಬಡಿದು, ಕತ್ತಲೆ ಮಾಡಿ ವಿಡಿಯೊ ಹಾಕಿದಳು.

ವಿಡಿಯೊದ ಹುಡುಗ ಎಲ್ಲೋ ದಕ್ಷಿಣದ ಕಡೆಯ ಊರಿನವನು. ಅವನಿಗೆ ತನ್ನದೇ ಕೋಣೆ, ಕೋಣೆಯಲ್ಲಿ ಟೇಬಲ್, ಟೇಬಲ್ ಮೇಲೆ ದೀಪ. "ಯಾಕೋ ಏನೂ ಮಾಡೋಕೆ ಮನಸ್ಸಾಗ್ತಿಲ್ಲ ಅಮ್ಮಾ" ಎಂದು ಅವನು ಅಂದದ್ದೇ ತಡ, ಹಿಂದಿನ ಸಾಲಿನಿಂದ ಅಂಬರೀಶ ಎಂಬ ಪೋರ, "ಅಂಥಾ ಟೇಬಲ್ ಕೊಡಸ್ರಿ ಮೇಡಂ, ನಾನೂ ಬೇಜಾರ ಮಾಡ್ಕೋತೀನಿ" ಎಂದ. ಹಾಲ್ ಹೋ ಎಂದು ನಕ್ಕಿತು. ಉಮಾ ತಾನೂ ನಕ್ಕಳು.

ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಗೊಲ್ಲಾಳಮ್ಮ ನಗಲಿಲ್ಲ. ಬೆಡ್‌ಶೀಟಿನ ಮೇಲಿನ ಹುಡುಗ ಗೋಡೆಗೆ ಮುಖ ಮಾಡಿ ಮಲಗಿ, ತಲೆಯ ಮೇಲೆ ಚಾದರ ಎಳೆದುಕೊಂಡಿದ್ದ. ಅದೇ ಬೆನ್ನು, ಅದೇ ಮಡಚಿದ ಮೊಣಕಾಲು. ಮಗ ನಡುಮನೆ ಬಿಟ್ಟು ಎಲ್ಲರೆದುರು ಗೋಡೆಯ ಮೇಲೆ ಬಂದು ಮಲಗಿದ್ದಾನೆ ಅನ್ನಿಸಿತು. ಹಿಂದೆ ಸಾರು ತಳ ಹಿಡಿಯುವ ವಾಸನೆ ಬರುತ್ತಿದ್ದರೂ ಅವಳಿಗೆ ಕಾಲು ಏಳಲಿಲ್ಲ.

ವಿಡಿಯೊದಲ್ಲಿ ಡಾಕ್ಟರೊಬ್ಬರು ಹೇಳುತ್ತಿದ್ದರು. ಇದು ಸೋಮಾರಿತನವಲ್ಲ, ಗಾಳಿ ಸೋಕಿದ್ದಲ್ಲ, ಇದರ ಹೆಸರು ಖಿನ್ನತೆ, ಜ್ವರದಂತೆ ಇದೂ ಕಾಯಿಲೆ, ಇದಕ್ಕೆ ಔಷಧವಿದೆ. ಇಂಥ ಮಕ್ಕಳನ್ನು ಕಂಡರೆ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಅವರಿಗೊಂದು ದಾರಿಯಾಗುತ್ತದೆ.

ಊಟ ಮುಗಿದ ಮೇಲೆ ಉಮಾ ನೀರು ಕೇಳಿಕೊಂಡು ಅಡಿಗೆಮನೆಗೆ ಬಂದಳು. ಗೊಲ್ಲಾಳಮ್ಮ ಲೋಟ ಕೊಟ್ಟು ಕೇಳಿದಳು. "ಔಷಧ ಅದ ಅಂದ್ರಲ್ರಿ ಬಾಯಾರ, ಅದು ಯಾವಾಗಿಂದ ಅದರಿ?"

"ಭಾಳ ವರ್ಷ ಆತರಿ ಅವ್ವಾರ."

"ಏಳು ವರ್ಷದ ಹಿಂದೂ ಇತ್ತೇನ್ರಿ?"

"ಇತ್ತಲ್ರಿ."

"ಶಹಾಪುರದಾಗೂ?"

"ಹೌದ್ರಿ, ಸಿಗತಿತ್ತು. ಯಾಕ್ರಿ?"

"ಏನಿಲ್ರಿ, ಸುಮ್ಮ ಕೇಳ್ದೆ" ಎಂದು ಗೊಲ್ಲಾಳಮ್ಮ ತಳ ಹಿಡಿದ ಪಾತ್ರೆ ತಿಕ್ಕಲು ಕೂತಳು. ತಾನೇನು ಮಾಡಿಟ್ಟೆ ಎಂಬುದು ಪಾಪ ಉಮಾಳಿಗೆ ಗೊತ್ತಾಗಲಿಲ್ಲ. ಅವಳು ಹೊರಗೆ ಹೆಡ್ ಮಾಸ್ತರರ ಜೊತೆ ಮಾತಿಗೆ ನಿಂತಳು. ಈ ವಿಡಿಯೊ ನಮ್ಮ ಮಕ್ಕಳಿಗೆ ನಾಟುವುದಿಲ್ಲ, ನಮ್ಮ ಮಾತಲ್ಲಿ, ನಮ್ಮ ಕಡೆಯವರೇ ತಮ್ಮ ಮನೆಯದ್ದನ್ನು ಹೇಳಿದರೆ ಕೇಳುತ್ತಾರೆ, ಅಂಥವರು ಯಾರಾದರೂ ಇದ್ದಾರೆಯೇ ಎಂದಳು. ಮಾಸ್ತರರು ಕೈ ಅಲ್ಲಾಡಿಸಿಬಿಟ್ಟರು. "ನಮ್ಮೂರಾಗ ಅಂಥಾದ್ದಿಲ್ಲರಿ. ನಮ್ಮಲ್ಲಿ ಪೋರಗೋಳು ಹೋದ್ರ ಹುಳ ಮುಟ್ಟಿ ಹೋಗ್ತಾವ. ಬರ್ರಿ, ಸಂಗಪ್ಪನ ಕಟ್ಟಿ ತೋರಸ್ತೀನಿ, ಭಾಳ ಜಾಗೃತ ದೇವರು."

ಅವತ್ತಿನಿಂದ ಮನೆಯ ಸದ್ದು ಬೇರೆಯಾಯಿತು. ಮೊದಲು ಬರೀ ಹೊರಸು ಕಿರುಗುಟ್ಟುತ್ತಿತ್ತು. ಈಗ ಹೊರಸಿನ ಮೇಲಿದ್ದವನು ಇನ್ನೇನು ಈ ಕಡೆ ಹೊರಳುತ್ತಾನೆ ಅನ್ನಿಸುತ್ತಿತ್ತು. ಎಷ್ಟೋ ವರ್ಷ ಊರಿನ ಬಾಯಲ್ಲಿ ಕೇಳಿ ಕೇಳಿ ಅವಳೂ ಹಾವನ್ನು ಅರ್ಧ ನಂಬಿದ್ದಳು, ಬೈಯಲಾದರೂ ಒಂದು ಹಾವಿತ್ತು. ವಿಡಿಯೊ ಆ ಹಾವನ್ನು ಹೊಡೆದು ಹಾಕಿತ್ತು. ಕಾಯಿಲೆ ಅಂತೆ, ಔಷಧವಿತ್ತಂತೆ, ಟಂಟಂ ಹತ್ತಿದರೆ ಮುಟ್ಟುವ ಊರಲ್ಲಿ ಇತ್ತಂತೆ. ತಾನೋ ನಿಂಬೆಹಣ್ಣು ಇಳಿಸುತ್ತ ಕೂತಿದ್ದಳು. ಇದನ್ನು ನೆನೆದಾಗ ಅವಳಿಗೆ ಅಳುವೂ ಬರುತ್ತಿರಲಿಲ್ಲ, ಮೈಯೆಲ್ಲ ಸಿಟ್ಟು ಬರುತ್ತಿತ್ತು, ಮೊದಲು ತನ್ನ ಮೇಲೆ, ಆಮೇಲೆ ಇಡೀ ಊರಿನ ಮೇಲೆ.

ಪಂಚಮಿ ಬಂತು. ಹೆಣ್ಣುಮಕ್ಕಳು ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು ಸಂಗಪ್ಪನ ಕಟ್ಟೆಗೆ ಬಂದರು. ಕಲ್ಲಿಗೆ ಹಾಲೆರೆಯುವಾಗ ಮನೆಯವರ ಹೆಸರಲ್ಲಿ ಒಂದೊಂದು ಹನಿ ಎರೆಯುವುದು ಪದ್ಧತಿ. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು, ಕಡೆಗೆ ನನ್ನ ಪಾಲು. ಗೊಲ್ಲಾಳಮ್ಮ ಪಕ್ಕದಲ್ಲಿ ನಿಂತು ಎಲ್ಲರಿಗೂ ಅರಿಷಿಣ ಕುಂಕುಮ ಕೊಡುತ್ತಿದ್ದಳು. ನಾಗಣ್ಣನ ಕಿರಿಯ ಮಗಳು ಸೌಭಾಗ್ಯಳ ಸರದಿ ಬಂತು. ಎಸ್ಸೆಸ್ಸೆಲ್ಸಿ ಓದುವ ಹುಡುಗಿ. ಹಿಂದಿನ ವರ್ಷ ಜೋಕಾಲಿಯಿಂದ ಇಳಿಸಲು ಇಬ್ಬರು ಬೇಕಾಗಿದ್ದರು. ಈ ವರ್ಷ ಎಣ್ಣೆ ಕಾಣದ ಕೂದಲು, ಕಣ್ಣ ಕೆಳಗೆ ಕಪ್ಪು. ಅವಳು ಅವ್ವನ ಪಾಲು ಎರೆದಳು, ಅಪ್ಪನದು, ಅಕ್ಕನದು, ಕಾಕಿಯದು ಎಂದು ಗೊಲ್ಲಾಳಮ್ಮನದೂ ಎರೆದಳು. ಉಳಿದ ಹಾಲನ್ನು ಏನೂ ಹೇಳದೆ ಕಟ್ಟೆಯ ಕೆಳಗೆ ಮಣ್ಣಿಗೆ ಚೆಲ್ಲಿ ಬಟ್ಟಲು ಒರೆಸಿಕೊಂಡಳು.

"ನಿನ್ನ ಪಾಲು?" ಎಂದಳು ಗೊಲ್ಲಾಳಮ್ಮ.

"ಇರಲಿ ಬಿಡ ಕಾಕಿ" ಎಂದು ಸೌಭಾಗ್ಯ ಹೊರಟುಹೋದಳು.

ಗೊಲ್ಲಾಳಮ್ಮ ಕುಂಕುಮದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಆ ಕಣ್ಣು ಅವಳಿಗೆ ಗುರುತಿತ್ತು, ಒಮ್ಮೆ ಮನೆಯಲ್ಲೇ ನೋಡಿ ತಿಳಿಯದೇ ಬಿಟ್ಟ ಕಣ್ಣು ಅದು.

ಅಂದು ಸಂಜೆಯೇ ಭಾವನ ಮನೆಗೆ ಹೋದಳು. ನಾಗಣ್ಣ ಶೇಂಗಾ ಉಂಡಿ ಮುರಿಯುತ್ತ ಕೂತಿದ್ದ. ಸೌಭಾಗ್ಯ ಸರಿಯಿಲ್ಲ, ಶಹಾಪುರಕ್ಕೆ ತೋರಿಸಬೇಕು ಎಂದಳು. ಅವನಿಗೂ ಮಗಳ ಚಿಂತೆ ಇಲ್ಲದಿರಲಿಲ್ಲ. ಇತ್ತೀಚೆಗೆ ಉಣ್ಣುವುದಿಲ್ಲ, ಮಾತಿಲ್ಲ, ರಾತ್ರಿ ಎದ್ದು ಕೂರುತ್ತಾಳೆ ಎಂದು ಅವನೇ ಹೇಳಿದ. ಆದರೆ ಅವನು ಪರಿಹಾರವನ್ನು ಆಗಲೇ ಕಂಡುಕೊಂಡಿದ್ದ.

"ನಾಳಿಂದ ಸಂಗಪ್ಪನ ಕಟ್ಟಿಗೆ ಸೇವಾಕ್ಕ ಕೂಡಸ್ತೀನಿ. ದಿನಾ ಮಧ್ಯಾಹ್ನ ಒಬ್ಬಾಕಿನೇ ಕೂಡಬೇಕು, ಯಾರೂ ಮಾತಾಡಸಬಾರದು. ನಮ್ಮ ಮನಿ ದೇವರು ನಮ್ಮ ಪೋರಿನ ಕೈ ಬಿಡ್ತಾನೇನು?"

ಗೊಲ್ಲಾಳಮ್ಮ ಅವನ ಮುಖವನ್ನೇ ನೋಡಿದಳು. ಚೇಷ್ಟೆ ಇರಬಹುದೇ ಎಂದು ಹುಡುಕಿದಳು, ಇರಲಿಲ್ಲ. ತಾನು ಕಟ್ಟಿದ ಸುಳ್ಳಿನ ಮಡಿಲಲ್ಲಿ ಮಗಳನ್ನು ಕೂರಿಸಲು ಮನುಷ್ಯ ಭಕ್ತಿಯಿಂದ ತಯಾರಾಗಿದ್ದ.

"ಭಾವ, ಆ ಕಲ್ಲಾಗ ಏನದ ಅನ್ನೋದು ನಮಗಿಬ್ಬರಿಗೂ ಗೊತ್ತದ."

ನಾಗಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಊರ ಮಂದಿ ನಂಬ್ಯಾರ. ಇಷ್ಟು ಮಂದಿ ನಂಬಿದ್ ಮ್ಯಾಲ ಅದು ಸುಳ್ಳಾಗಂಗಿಲ್ಲ. ಮತ್ತ ಆ ದವಾಖಾನಿಗೆ ಹೋದ್ರ ಹುಚ್ಚಿ ಅಂತಾರ. ನಾಳಿ ಲಗ್ನ ಯಾರ ಆಗ್ತಾರ?"

"ಲಗ್ನ ಆಗಾಕ ಮೊದಲ ಪೋರಿ ಇರಬೇಕಲ್ರಿ" ಎಂದಳು ಗೊಲ್ಲಾಳಮ್ಮ. ಆ ಮನೆಯಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಾಗಣ್ಣ ಉಂಡಿಯ ತಟ್ಟೆಯನ್ನು ದೂರ ತಳ್ಳಿ ಎದ್ದುಹೋದ.

ಸೇವೆ ಶುರುವಾಯಿತು. ಗೊಲ್ಲಾಳಮ್ಮ ಸೌಟು ಆಡಿಸುತ್ತ ಶಾಲೆಯ ಗಡಿಯಾರ ನೋಡುತ್ತಿದ್ದಳು. ಒಂದು ಸೋಮವಾರ ಅವಳಿಗೆ ತಡೆಯಲಾಗಲಿಲ್ಲ. ಅನ್ನ ಬಡಿಸುವುದನ್ನು ಜೊತೆಯವಳಿಗೆ ಬಿಟ್ಟು, ಒದ್ದೆ ಕೈಯಲ್ಲೇ ಹೊಲದ ದಾರಿ ಹಿಡಿದಳು.

ನೆತ್ತಿಯ ಮೇಲೆ ಸೂರ್ಯ. ಮಳೆ ಬಿಟ್ಟು ಬಹಳ ದಿನವಾಗಿತ್ತು, ಕರಿಮಣ್ಣು ಬಾಯಿ ಬಿಟ್ಟಿತ್ತು. ಮೊಣಕಾಲೆತ್ತರದ ತೊಗರಿ ಅಲುಗದೆ ನಿಂತಿತ್ತು. ದೂರದಿಂದ ನೋಡಿದಾಗ ಕಟ್ಟೆಯ ಮೇಲೆ ಕೂತದ್ದು ಸಂಗಮನಾಥನೇ ಅನ್ನಿಸಿ ಗೊಲ್ಲಾಳಮ್ಮ ನಿಂತುಬಿಟ್ಟಳು. ಬಾಗಿದ ಅದೇ ಬೆನ್ನು, ತಲೆಯ ಮೇಲೆ ಎಳೆದುಕೊಂಡ ಅದೇ ಬಟ್ಟೆ. ಆಕೃತಿ ಅಲುಗಿತು, ಓಢಣಿ ಜಾರಿತು. ಸೌಭಾಗ್ಯ. ಅವಳು ಕಟ್ಟೆಯಿಂದ ಇಳಿದು ಹುತ್ತದ ಬಳಿ ಕೂತು ಅದರ ಬಾಯಿಯ ಮೇಲೆ ಅಂಗೈ ಇಟ್ಟಳು. ಯಾರೋ ಒಳಗಿನಿಂದ ಕೈ ಕುಲುಕುತ್ತಾರೆ ಎಂಬಂತೆ ಸುಮ್ಮನೆ ಕಾದಳು.

ಗೊಲ್ಲಾಳಮ್ಮ ಹೋಗಿ ಆ ಕೈ ಹಿಡಿದು ಎತ್ತಿದಳು. "ಇಲ್ಲಿ ಏನ್ ಮಾಡಾಕತ್ತೀದಿ?"

"ಸಂಗಣ್ಣ ಬರ್ತಾನೇನು ಅಂತ ನೋಡಾಕತ್ತೀನಿ." ಹುಡುಗಿಯ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. "ಅಂವಗ ನೋವ ಆಗಿಲ್ಲ, ನಿದ್ದಿ ಬಂದಂಗ ಹೋದ ಅಂತ ನೀನ ಎಲ್ಲರ ಮುಂದ ಹೇಳ್ತಿದ್ದಿ ಕಾಕಿ. ಈಗ ದೇವರಾಗ್ಯಾನ. ನನ್ನೂ ಹಂಗ ಕರಕೊಂಡ್ರ ಯಾರಿಗೂ ತ್ರಾಸ ಇಲ್ಲ. ಅಪ್ಪನ ಮರ್ಯಾದಿಗೂ ಏನಾಗಂಗಿಲ್ಲ."

ಹೌದು, ಅವಳೇ ಹೇಳುತ್ತಿದ್ದಳು. ಕೇಳಲು ಬಂದ ಹೆಂಗಸರಿಗೆಲ್ಲ, ತನಗೆ ತಾನೇ ಸಮಾಧಾನ ಹೇಳಿಕೊಂಡಂತೆ, ನಿದ್ದಿ ಬಂದಂಗ ಹೋದ ಎನ್ನುತ್ತಿದ್ದಳು. ಆ ಮಾತು ಗಾಳಿಯಲ್ಲಿ ಹೋಗಲಿಲ್ಲ, ಈ ಹುಡುಗಿಯ ಕಿವಿಯಲ್ಲಿ ಕೂತಿತ್ತು. ಗೊಲ್ಲಾಳಮ್ಮನಿಗೆ ವಿಡಿಯೊದ ಡಾಕ್ಟರ ಮಾತು ನೆನಪಾಯಿತು. ಕೇಳಿದಳು.

"ಸಾಯಬೇಕು ಅನಸ್ತದೇನು ನಿನಗ?"

ಸೌಭಾಗ್ಯ ತಲೆಯೆತ್ತಿದಳು. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಬಹುದು ಎಂದೇ ಅವಳಿಗೆ ಗೊತ್ತಿರಲಿಲ್ಲ. "ಹೂಂ" ಎಂದಳು, "ದಿನಾ ಅನಸ್ತದ ಕಾಕಿ. ಯಾಕಂತ ನನಗ ಗೊತ್ತಿಲ್ಲ." ಆಮೇಲೆ ಅವಳು ಅತ್ತ ಅಳುವಿಗೆ ಹೊಲದಲ್ಲಿದ್ದ ಬೆಳವಗಳು ಎದ್ದು ಹಾರಿದವು. ಗೊಲ್ಲಾಳಮ್ಮ ಅವಳನ್ನು ಎದೆಗವಚಿಕೊಂಡು ಬಿಸಿಮಣ್ಣಿನ ಮೇಲೆಯೇ ಕೂತಳು.

"ಕೇಳಿಲ್ಲಿ. ಈ ಹುತ್ತದಾಗ ಯಾರೂ ಇಲ್ಲ. ಸಂಗಣ್ಣಗ ಹುಳ ಮುಟ್ಟಲಿಲ್ಲ. ಅಂವಗ ನಿನಗ ಬಂದದ್ದ ಬ್ಯಾನಿ ಬಂದಿತ್ತು. ನಾ ಸೋಮಾರಿ ಅಂದೆ, ಹೆಣ ಅಂದೆ. ತಾನ ಜೀವ ಕಳಕೊಂಡ. ನಿದ್ದಿ ಬಂದಂಗ ಹೋಗಿಲ್ಲವ್ವ, ನಾ ಸುಳ್ಳ ಹೇಳ್ದೆ. ಅಂವ ದೇವರೂ ಅಲ್ಲ. ನನ್ನ ಮಗ ಅಂವ."

ಅಂದು ರಾತ್ರಿ ಗೊಲ್ಲಾಳಮ್ಮ ಹುಡುಗಿ ಅಂದದ್ದನ್ನು ಭಾವನ ಮನೆಗೆ ಮುಟ್ಟಿಸಿ, ಅವಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಮರುದಿನ ಮಂಗಳವಾರ, ಶಹಾಪುರಕ್ಕೆ ಯಾದಗಿರಿಯಿಂದ ಮನಸ್ಸಿನ ಡಾಕ್ಟರು ಬರುವ ದಿನ. ಬೆಳಿಗ್ಗೆ ಇಬ್ಬರೂ ಟಂಟಂ ಹತ್ತಿದರು. ಅದು ಹೊರಡುವಷ್ಟರಲ್ಲಿ ನಾಗಣ್ಣನೂ ಬಂದು ಮುಂದಿನ ಸೀಟಿನಲ್ಲಿ ಕೂತ. ತಡೆದರೆ ದಾರಿಯಲ್ಲಿ ರಾದ್ಧಾಂತ, ಬಿಟ್ಟರೆ ದವಾಖಾನೆಯಲ್ಲಿ ಏನು ಬಾಯಿಬಿಡುತ್ತಾರೋ ಎಂಬ ಭಯ. ಊರ ಹಿರಿಯರಿಗೆ ಇಂಥ ಇಕ್ಕಟ್ಟು ಬಂದಾಗ ಅವರು ಜೊತೆಗೇ ಹೋಗಿಬಿಡುತ್ತಾರೆ.

ಉಮಾ ಮೂವರನ್ನೂ ಡಾಕ್ಟರ್ ತೌಫೀಕರ ಕೋಣೆಗೆ ಕರೆದೊಯ್ದಳು. ತರುಣ ಡಾಕ್ಟರು, ಅವಸರವಿಲ್ಲದ ಮನುಷ್ಯ. ಸೌಭಾಗ್ಯಳನ್ನು ನೋಡಿ, "ಏನಾಗ್ಯದವ್ವಾ?" ಎಂದರು. ಹುಡುಗಿ ಬಾಯಿ ತೆರೆಯುವ ಮೊದಲೇ ನಾಗಣ್ಣ ಕುರ್ಚಿ ಮುಂದಕ್ಕೆಳೆದುಕೊಂಡ.

"ಏನಿಲ್ರಿ ಸಾಹೇಬ್ರ, ಹೊಟ್ಟಿನೋವು. ಊಟ ಸೇರವಲ್ದು ಆಕಿಗಿ. ಒಂದಿಷ್ಟು ಶಕ್ತಿ ಗುಳಿಗಿ ಬರಕೊಡ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೊಟ್ಟಿನೋವ ಅಷ್ಟ ಏನ್ರಿ ಯಜಮಾನ್ರ? ಇನ್ನೊಮ್ಮೆ ಕೇಳ್ತೀನಿ, ಖರೇ ಏನದ ಅದು ಹೇಳ್ರಿ. ಖರೇ ಗೊತ್ತಾದ್ರನ ನಾವ್ ಔಷಧ ಮಾಡಾಕ ಬರ್ತದ."

ನಾಗಣ್ಣ ಬಾಯಿ ತೆರೆದ. ಅವನು ನೋಡುತ್ತಿದ್ದದ್ದು ಡಾಕ್ಟರನ್ನಲ್ಲ, ಅವರ ಹಿಂದಿನ ಖಾಲಿ ಗೋಡೆಯನ್ನು. ಅಲ್ಲಿ ಯಾರೋ ಬಂದು ನಿಂತಿದ್ದಾರೆ ಎನ್ನುವಂತೆ ಕುರ್ಚಿಯಲ್ಲಿ ಹಿಂದೆ ಸರಿದ.

"ಆವತ್ತೂ ಹಿಂಗ ಇನ್ನೊಮ್ಮೆ ಕೇಳಿದ್ರು" ಎಂದ.

"ಯಾರು?" ಎಂದಳು ಉಮಾ.

"ಆ ಡಾಕ್ಟರು. ಸಂಗ್ಯಾನ ಒಯ್ದಾಗ. ಹುಳ ಮುಟ್ಟಿದ ಗುರುತ ಕಾಣವಲ್ದು, ಬ್ಯಾರೆ ಏನರ ಆಗ್ಯದೇನು, ಖರೇ ಹೇಳ್ರಿ, ಇನ್ನೂ ಹೊತ್ತ ಮೀರಿಲ್ಲ ಅಂದ್ರು. ನಾ ಎರಡನೇ ಸರ್ತಿನೂ ಹುಳಾನೇ ಅಂದೆ."

ಗೊಲ್ಲಾಳಮ್ಮನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಒಂದೊಂದೇ ಮಾತು ಒಳಗಿಳಿಯಿತು. ಕಾಗದಪತ್ರಕ್ಕೆ ಹೆಣವನ್ನು ಒಯ್ದೆ ಎಂದು ಅವನು ಹೇಳಿದ್ದ. ಹೆಣಕ್ಕೆ ಏನಾಗಿದೆ ಎಂದು ಯಾವ ಡಾಕ್ಟರೂ ಎರಡು ಸಲ ಕೇಳುವುದಿಲ್ಲ, ಹೊತ್ತು ಮೀರಿಲ್ಲ ಎಂದು ಹೇಳುವುದಿಲ್ಲ. ಅಂದರೆ ಆಗ ಜೀವವಿತ್ತು. ಅವರು ಇಲ್ಲದ ಹಾವಿಗೆ ಔಷಧ ಕೊಡುತ್ತಿದ್ದಾಗ ಅವಳ ಮಗನಿಗೆ ಜೀವವಿತ್ತು. ಸಾವಿನ ನಂತರ ಸುಳ್ಳು ಹುಟ್ಟಿತು ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು.

ಅವಳು ಕಿರುಚಲಿಲ್ಲ. ಸೌಭಾಗ್ಯಳ ಕೈ ಅವಳ ಕೈಯಲ್ಲಿತ್ತು, ಕಿರುಚಿದರೆ ಆ ಕೈ ಬಿಟ್ಟುಹೋಗುತ್ತದೆ ಅನ್ನಿಸಿತು. ನಾಗಣ್ಣನೇ ಕುರ್ಚಿಯಿಂದ ಜಾರಿ ಡಾಕ್ಟರ ಮೇಜು ಹಿಡಿದುಕೊಂಡ.

"ಹೊಟ್ಟಿನೋವಲ್ರಿ. ನನ್ನ ಮಗಳು ಸಾಯಬೇಕಂತಾಳ್ರಿ. ಉಳಸಿಕೊಡ್ರಿ."

ಸೌಭಾಗ್ಯ ಒಂದೇ ದಿನಕ್ಕೆ ನಗಲಿಲ್ಲ. ಗುಳಿಗೆ ಶುರುವಾಯಿತು, ವಾರ ವಾರ ಉಮಾಳ ಮುಂದೆ ಕೂತು ಮಾತಾಡುವುದು ಶುರುವಾಯಿತು. ಕೆಲವು ವಾರ ಮಾತೂ ಇರುತ್ತಿರಲಿಲ್ಲ, ಇಬ್ಬರೂ ಸುಮ್ಮನೆ ಚಹಾ ಕುಡಿದು ಬರುತ್ತಿದ್ದರಂತೆ. ಚಳಿ ಬೀಳುವ ಹೊತ್ತಿಗೆ ಒಂದು ದಿನ ಹುಡುಗಿ ಸಾರಿಗೆ ಉಪ್ಪಿಲ್ಲ ಎಂದು ಅವ್ವನ ಜೊತೆ ಜಗಳ ತೆಗೆದಳು. ನಾಗಣ್ಣನ ಹೆಂಡತಿ, ಗೊಲ್ಲಾಳಮ್ಮನ ನೆಗೆಣ್ಣಿ, ಓಡಿಬಂದು, "ಆಕಿಗಿ ಉಪ್ಪ ತಿಳೀತು ಗೊಲ್ಲಾಳಮ್ಮ!" ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು. ಗೊಲ್ಲಾಳಮ್ಮನೂ ಅತ್ತಳು. ನಾಗಣ್ಣನೊಡನೆ ಮಾತ್ರ ಅವಳು ಮಾತು ಬಿಟ್ಟಿದ್ದಳು. ಅವನು ಎದುರಿಗೆ ಬಂದರೆ ಸೆರಗು ಮುಂದೆಳೆದುಕೊಂಡು ದಾಟಿಹೋಗುತ್ತಿದ್ದಳು. ಒಳಗೊಂದು ಪ್ರಶ್ನೆ ಕುದಿಯುತ್ತಿತ್ತು. ಉತ್ತರದ ಭಯಕ್ಕೆ ಕೇಳಿರಲಿಲ್ಲ.

ಊರಿನವರದೇ ವಿಡಿಯೊ ಮಾಡುವ ಆಸೆಯನ್ನು ಉಮಾ ಬಿಟ್ಟಿರಲಿಲ್ಲ. ನೀವು ಮಾತಾಡುತ್ತೀರಾ ಎಂದು ಗೊಲ್ಲಾಳಮ್ಮನನ್ನು ಕೇಳಿದಳು. "ನಾ ಅಲ್ಲರಿ, ಅವರು ಮಾತಾಡ್ಲಿ" ಎಂದಳು ಗೊಲ್ಲಾಳಮ್ಮ. ಸೌಭಾಗ್ಯ ಹೋಗಿ ಅಪ್ಪನಿಗೆ ಆ ಮಾತು ಮುಟ್ಟಿಸಿದಳು. ನಾಗಣ್ಣ ಎರಡು ವಾರ ಶಾಲೆಯ ದಾರಿ ತಪ್ಪಿಸಿ ತಿರುಗಾಡಿ, ಕಡೆಗೆ ಬಂದ.

ಶಾಲೆ ಬಿಟ್ಟ ಮೇಲೆ ಹತ್ತನೇ ಕ್ಲಾಸಿನ ಕೋಣೆಯಲ್ಲಿ ಉಮಾ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಸದ್ದು ಕೇಳಬಾರದೆಂದು ಫ್ಯಾನ್ ನಿಲ್ಲಿಸಿದಳು. ನಾಗಣ್ಣ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಬೆವರುತ್ತ ಕೂತಿದ್ದ.

"ಮಾರಿ ಕಾಣಂಗಿಲ್ಲಲ್ರಿ?" ಎಂದ.

"ಬ್ಯಾಡಂದ್ರ ಮುಚ್ಚತೀವ್ರಿ. ದನಿನೂ ಬದಲ ಮಾಡಾಕ ಬರ್ತದ."

ಅವನು ಗೊಲ್ಲಾಳಮ್ಮನ ಕಡೆ ನೋಡಿದ. ಅವನು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಇರಲಿ ಬಿಡ್ರಿ, ಕಾಣ್ಲಿ."

ಮೊಬೈಲ್ ನೋಡಿ ಮಾತಾಡಿದರೆ ಜನ ಕಲ್ಲಾಗಿಬಿಡುತ್ತಾರೆ, ಪಕ್ಕದಲ್ಲಿ ಯಾರಾದರೂ ಕೂತು ಪ್ರಶ್ನೆ ಕೇಳಬೇಕು ಎಂದು ಉಮಾ ಕುರ್ಚಿ ಎಳೆದಳು. ಅವಳು ಕೂರುವ ಮೊದಲೇ ಗೊಲ್ಲಾಳಮ್ಮ ಅದರಲ್ಲಿ ಕೂತಳು. ತಿಂಗಳುಗಳ ನಂತರ ಇಬ್ಬರೂ ಎದುರು ಬದುರಾದರು. ಮೊಬೈಲಿನಲ್ಲಿ ಕೆಂಪು ಚುಕ್ಕೆ ಹತ್ತಿತು.

"ಸಂಗಮನಾಥ ನಿಮಗ ಎಲ್ಲಿ ಸಿಕ್ಕ?"

"ಹೊಲದ ಬದುವಿನ ಮ್ಯಾಲ. ಊರ ಕಡಿ ಮಾರಿ ಮಾಡಿ ಬಿದ್ದಿದ್ದ. ಮನಿಗೆ ಬರಾಕತ್ತಿದ್ದ ಕಾಣಸ್ತದ, ನಡುವ ಬಿದ್ದಾನ."

ಗೊಲ್ಲಾಳಮ್ಮ ಕುರ್ಚಿಯ ಅಂಚು ಹಿಡಿದಳು. "ಮಾತಾಡ್ತಿದ್ನೇನು?"

"ಹೂಂ."

"ಏನಂದ?"

"'ಉಳಸ್ರಿ ದೊಡ್ಡಪ್ಪ' ಅಂದ. 'ಅವ್ವನ ಕರೀರಿ' ಅಂದ. ದಾರಿ ತುಂಬ ಅದನ್ನ ಅಂದ."

ಉಮಾ ಮೊಬೈಲ್ ನಿಲ್ಲಿಸಲು ಕೈ ಚಾಚಿದಳು. ಗೊಲ್ಲಾಳಮ್ಮ ಅವಳತ್ತ ನೋಡದೆಯೇ ಬೇಡವೆಂದು ಕೈ ಎತ್ತಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಸೌಭಾಗ್ಯ ಒಳಗೆ ಬಂದು ಅವಳ ಕುರ್ಚಿಗೆ ಆತು ನಿಂತಳು.

"ಮತ್ತ ನೀವ್ ಯಾಕ ನನ್ನ ಕರೀಲಿಲ್ಲ?"

"ನೀ ಬಂದಿದ್ರ ಅಳ್ತಿದ್ದಿ. ಮಂದಿ ಕೂಡ್ತಿದ್ರು. ಎಲ್ಲಾ ಗೊತ್ತಾಗ್ತಿತ್ತು. ನನಗ..." ಅವನ ದನಿ ತೀರ ಕೆಳಗಿಳಿಯಿತು. "ನನಗ ನಾಚಿಕಿ ಬಂತು."

ಗೊಲ್ಲಾಳಮ್ಮ ಮೊಬೈಲಿನ ಕೆಂಪು ಚುಕ್ಕೆಯತ್ತ ಬೆರಳು ತೋರಿದಳು.

"ಕೇಳಸಲಿಲ್ಲ" ಎಂದಳು. "ಇನ್ನೊಮ್ಮೆ ಹೇಳ್ರಿ, ಜೋರಾಗಿ. ಪೋರಗೋಳಿಗೆ ಕೇಳಬೇಕು."